ಕನಸಿನೊಳಗೆ ಎಚ್ಚರವಾಗಿರಲು ಸಾಧ್ಯವೇ? ‘ಲೂಸಿಡ್ ಡ್ರೀಮಿಂಗ್’ ಫಾರ್ವರ್ಡ್‌ಗಳಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು?

‘ಮೂರೇ ದಿನದಲ್ಲಿ ಕನಸು ನಿಮ್ಮ ಹಿಡಿತಕ್ಕೆ!’ ಎನ್ನುತ್ತದೆ ಒಂದು ಸಂದೇಶ. ‘ರಾತ್ರಿ ಮೂರಕ್ಕೆ ಅಲಾರಂ ಇಟ್ಟು ಎದ್ದು ಹೀಗೆ ಮಾಡಿ, ಕನಸಿನಲ್ಲಿ ಬೇಕಾದ ಕಡೆ ಹಾರಿ ಹೋಗಿ’ ಎನ್ನುತ್ತದೆ ಇನ್ನೊಂದು. ಅದರ ಬೆನ್ನಿಗೇ ‘ದಯವಿಟ್ಟು ಮಾಡಬೇಡಿ, ಕನಸಿನೊಳಗೆ ಸಿಕ್ಕಿಹಾಕಿಕೊಂಡರೆ ಎಚ್ಚರವೇ ಆಗುವುದಿಲ್ಲ’ ಎಂದು ಹೆದರಿಸುವ ಸಂದೇಶವೂ ಬರುತ್ತದೆ. ಲೂಸಿಡ್ ಡ್ರೀಮಿಂಗ್ ಬಗ್ಗೆ ಗ್ರೂಪ್‌ಗಳಲ್ಲಿ, ರೀಲ್ಸ್‌ಗಳಲ್ಲಿ ಓಡಾಡುವ ಮಾತುಗಳು ಸಾಮಾನ್ಯವಾಗಿ ಈ ಮೂರು ಬಗೆಯವು. ಇವುಗಳಲ್ಲಿ ಯಾವುದನ್ನು ನಂಬಬೇಕು? ಪ್ರಯತ್ನಿಸಿದರೆ ಅಪಾಯವಿದೆಯೇ? ನೋಡೋಣ.

ಸಂಕ್ಷಿಪ್ತವಾಗಿ ಹೇಳುವುದಾದರೆ:

• ಕನಸು ಕಾಣುತ್ತಿರುವಾಗಲೇ ‘ಇದು ಕನಸು’ ಎಂದು ಗೊತ್ತಾಗುವುದು ನಿಜ. ಪ್ರಯೋಗಾಲಯದಲ್ಲಿ ಸಾಬೀತಾಗಿದೆ.
• ‘ಮೂರು ದಿನದಲ್ಲಿ ಗ್ಯಾರಂಟಿ’ ಎಂಬುದು ಸುಳ್ಳು.
• ‘ಕನಸಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ’ ಎಂಬುದೂ ಸುಳ್ಳು.
• ನಿಜವಾದ ಅಪಾಯ ಇರುವುದು ನಿದ್ದೆಗೆಡುವುದರಲ್ಲಿ. ಅದನ್ನು ಈ ಸಂದೇಶಗಳು ಹೇಳುವುದೇ ಇಲ್ಲ.

ಲೂಸಿಡ್ ಡ್ರೀಮಿಂಗ್ ಎಂದರೇನು?

ಕನಸಿನಲ್ಲಿ ನೀವು ಪರೀಕ್ಷೆಗೆ ತಡವಾಗಿ ಓಡುತ್ತಿದ್ದೀರಿ. ಶಾಲೆ ಬಿಟ್ಟು ಇಪ್ಪತ್ತು ವರ್ಷವಾಗಿದೆ, ಆದರೂ ಕನಸಿನಲ್ಲಿ ಅದು ವಿಚಿತ್ರ ಅನ್ನಿಸುವುದಿಲ್ಲ. ತೀರಿಹೋದ ಅಜ್ಜಿ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿರುತ್ತಾರೆ, ನಾವು ಪಕ್ಕದಲ್ಲಿ ಕೂತು ಮಾತಾಡುತ್ತಿರುತ್ತೇವೆ. ಎಚ್ಚರವಾದ ಮೇಲಷ್ಟೇ ‘ಅರೆ, ಇದು ಕನಸು’ ಎಂದು ತಿಳಿಯುತ್ತದೆ. ಬಹುತೇಕ ಕನಸುಗಳು ಹೀಗೆಯೇ.

ಆದರೆ ಕೆಲವೊಮ್ಮೆ ಕನಸಿನ ನಡುವೆಯೇ ‘ಅಜ್ಜಿ ಈಗ ಇಲ್ಲವಲ್ಲ, ಹಾಗಾದರೆ ಇದು ಕನಸು’ ಎಂಬ ಅರಿವು ಮೂಡುತ್ತದೆ. ನಿದ್ದೆ ಮುಂದುವರಿದಿರುತ್ತದೆ, ಕನಸೂ ನಡೆಯುತ್ತಿರುತ್ತದೆ, ನಮಗೆ ಮಾತ್ರ ವಿಷಯ ಗೊತ್ತಾಗಿರುತ್ತದೆ. ಇದೇ ಲೂಸಿಡ್ ಡ್ರೀಮ್. ಕನ್ನಡದಲ್ಲಿ ‘ಅರಿವಿನ ಕನಸು’ ಎನ್ನಬಹುದು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಕನಸು ಎಂದು ತಿಳಿಯುವುದು ಬೇರೆ, ಕನಸನ್ನು ಬೇಕಾದಂತೆ ನಡೆಸುವುದು ಬೇರೆ. ಅರಿವು ಬಂದವರಿಗೆಲ್ಲ ಹಾರಾಡಲು, ಬೇಕಾದವರನ್ನು ಕರೆಸಲು ಆಗುವುದಿಲ್ಲ. ಎಷ್ಟೋ ಸಲ ‘ಇದು ಕನಸು’ ಎಂದು ಹೊಳೆದ ಸಂಭ್ರಮಕ್ಕೇ ಎಚ್ಚರವಾಗಿಬಿಡುತ್ತದೆ.

ಇದು ಅಪರೂಪದ ಶಕ್ತಿಯೂ ಅಲ್ಲ. ಐವತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಸುಮಾರು ಶೇ. 55ರಷ್ಟು ಜನ ಜೀವನದಲ್ಲಿ ಒಮ್ಮೆಯಾದರೂ ಇಂಥ ಕನಸು ಕಂಡಿದ್ದಾರೆ. ತಿಂಗಳಿಗೊಮ್ಮೆ ಅಥವಾ ಅದಕ್ಕಿಂತ ಹೆಚ್ಚು ಕಾಣುವವರು ಸುಮಾರು ಶೇ. 23. ನಿಮಗೂ ಚಿಕ್ಕಂದಿನಲ್ಲಿ ಆಗಿರಬಹುದು, ಅದಕ್ಕೊಂದು ಹೆಸರಿದೆ ಎಂದು ಗೊತ್ತಿರಲಿಕ್ಕಿಲ್ಲ ಅಷ್ಟೇ.

ಸಾಬೀತಾಗಿದೆ ಎನ್ನುವುದು ಹೇಗೆ?

ನಿದ್ದೆಯಲ್ಲಿರುವವರು ‘ನನಗೀಗ ಅರಿವಿದೆ’ ಎಂದು ಹೇಳುವುದು ಹೇಗೆ? ಬಹಳ ಕಾಲ ವಿಜ್ಞಾನಿಗಳು ಈ ಪ್ರಶ್ನೆಗೇ ಸಿಕ್ಕಿಕೊಂಡಿದ್ದರು. ಉತ್ತರ ಸಿಕ್ಕಿದ್ದು ಕಣ್ಣಿನಲ್ಲಿ.

ನಮ್ಮ ನಿದ್ದೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ನಡೆಯುತ್ತದೆ. ಪ್ರತಿ ಸುತ್ತಿನ ಕೊನೆಗೆ ‘ರೆಮ್’ ಎಂಬ ಹಂತ ಬರುತ್ತದೆ. ಆಗ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ವೇಗವಾಗಿ ಅತ್ತಿತ್ತ ಓಡಾಡುತ್ತವೆ. ಷಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೀಟ್‌ಮನ್ 1953ರಲ್ಲಿ ಇದನ್ನು ವರದಿ ಮಾಡಿದರು. ಕಥೆಯಂಥ ಸ್ಪಷ್ಟ ಕನಸುಗಳು ಹೆಚ್ಚಾಗಿ ಬೀಳುವುದು ಈ ಹಂತದಲ್ಲಿ. ಆಗ ಕೈಕಾಲಿನ ಸ್ನಾಯುಗಳು ಸಡಿಲವಾಗಿ ನಿಂತುಹೋಗಿರುತ್ತವೆ. ಇಲ್ಲದಿದ್ದರೆ ಕನಸಿನಲ್ಲಿ ಓಡಿದಾಗಲೆಲ್ಲ ಹಾಸಿಗೆಯಿಂದಲೂ ಎದ್ದು ಓಡುತ್ತಿದ್ದೆವು. ಆದರೆ ಕಣ್ಣಿನ ಸ್ನಾಯುಗಳಿಗೆ ಈ ತಡೆ ಇಲ್ಲ.

ಇದನ್ನೇ ಬಳಸಿಕೊಂಡು 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಒಂದು ಪ್ರಯೋಗ ಮಾಡಿದರು. ‘ಕನಸು ಎಂದು ತಿಳಿದ ಕೂಡಲೇ ಕಣ್ಣನ್ನು ಎಡಕ್ಕೆ, ಬಲಕ್ಕೆ ಆಡಿಸು’ ಎಂದು ಆಲನ್ ವರ್ಸ್ಲಿ ಎಂಬುವವರೊಂದಿಗೆ ಮೊದಲೇ ಒಪ್ಪಂದ ಮಾಡಿಕೊಂಡಿದ್ದರು. ವರ್ಸ್ಲಿ ನಿದ್ದೆಯಲ್ಲಿದ್ದಾಗಲೇ ಯಂತ್ರದ ಕಾಗದದ ಮೇಲೆ ಆ ಸಂಕೇತ ಮೂಡಿತು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಬರ್ಜ್ ಮತ್ತು ಸಹೋದ್ಯೋಗಿಗಳು ಸ್ವತಂತ್ರವಾಗಿ ಇಂಥದೇ ಪ್ರಯೋಗ ಮಾಡಿ 1981ರಲ್ಲಿ ಪ್ರಕಟಿಸಿದರು.

2021ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಮೆರಿಕ, ಫ್ರಾನ್ಸ್, ಜರ್ಮನಿ, ನೆದರ್‌ಲೆಂಡ್ಸ್‌ಗಳ ನಾಲ್ಕು ತಂಡಗಳು ಕನಸಿನಲ್ಲಿರುವವರಿಗೆ ಪ್ರಶ್ನೆ ಕೇಳಿ ಉತ್ತರ ಪಡೆದವು. ‘ಎಂಟರಲ್ಲಿ ಆರು ಕಳೆದರೆ ಎಷ್ಟು?’ ಎಂದಾಗ ನಿದ್ದೆಯಲ್ಲಿದ್ದವರೊಬ್ಬರು ಕಣ್ಣನ್ನು ಎರಡು ಸಲ ಆಡಿಸಿ ಉತ್ತರಿಸಿದರು. ಆದರೆ ಸರಿಯುತ್ತರ ಬಂದದ್ದು ಸುಮಾರು ಶೇ. 18ರಷ್ಟು ಪ್ರಯತ್ನಗಳಲ್ಲಿ ಮಾತ್ರ. ಹೆಚ್ಚಿನ ಸಲ ಉತ್ತರವೇ ಬರಲಿಲ್ಲ. ಫಾರ್ವರ್ಡ್‌ಗಳಲ್ಲಿ ಬಿಟ್ಟುಹೋಗುವುದು ಇಂಥ ಎರಡನೇ ವಾಕ್ಯಗಳೇ.

ಬೆಳಗಿನ ಜಾವದ ಕನಸು ನಿಜವಾಗುತ್ತದೆಯೇ?

ನಮ್ಮಲ್ಲಿ ಬಹಳ ಜನ ನಂಬುವ ಮಾತಿದು. ಇದರಲ್ಲಿ ಒಂದು ಎಳೆ ನಿಜವಿದೆ, ಆದರೆ ಅದು ಭವಿಷ್ಯಕ್ಕೆ ಸಂಬಂಧಿಸಿದ್ದಲ್ಲ.

ರಾತ್ರಿಯ ಮೊದಲ ರೆಮ್ ಹಂತ ಕೆಲವೇ ನಿಮಿಷಗಳದ್ದು. ರಾತ್ರಿ ಕಳೆದಂತೆ ಅದು ಉದ್ದವಾಗುತ್ತದೆ. ಬೆಳಗಿನ ಜಾವದ ಹೊತ್ತಿಗೆ ಅರ್ಧ ಗಂಟೆಯೋ ಅದಕ್ಕೂ ಹೆಚ್ಚೋ ಇರಬಹುದು. ಆಗ ಕನಸು ಉದ್ದವಾಗಿ, ಬಣ್ಣಬಣ್ಣವಾಗಿ ಬೀಳುತ್ತದೆ. ಅದರಿಂದ ನೇರವಾಗಿ ಎಚ್ಚರವಾಗುವುದರಿಂದ ನೆನಪೂ ಉಳಿಯುತ್ತದೆ. ನೆನಪಿರುವ ಕನಸುಗಳಲ್ಲಿ ಯಾವುದೋ ಒಂದು ಮುಂದೆ ನಡೆದ ಘಟನೆಗೆ ಹೊಂದಿಕೊಂಡರೆ ‘ನಿಜವಾಯಿತು’ ಎನ್ನುತ್ತೇವೆ. ಹೊಂದದ ನೂರಾರು ಕನಸುಗಳನ್ನು ಮರೆಯುತ್ತೇವೆ.

ಹೀಗಾಗಿ ಬೆಳಗಿನ ಜಾವದ ಕನಸಿನಿಂದ ನಾವು ಕಲಿಯಬೇಕಾದ ಪಾಠ ಬೇರೆ. ಕನಸು ನೆನಪಿರಬೇಕು, ಅರಿವಿನ ಕನಸು ಕಾಣಬೇಕು ಎಂದಿದ್ದರೆ ಕೊನೆಯ ಎರಡು ಗಂಟೆಗಳ ನಿದ್ದೆ ಬಹಳ ಮುಖ್ಯ. ರಾತ್ರಿ ಒಂದರವರೆಗೆ ಮೊಬೈಲ್ ನೋಡಿ ಬೆಳಗ್ಗೆ ಆರಕ್ಕೆ ಏಳುವವರು ಕಳೆದುಕೊಳ್ಳುವುದು ಹೆಚ್ಚಾಗಿ ಈ ನಿದ್ದೆಯನ್ನೇ.

‘ನನಗೆ ಕನಸೇ ಬೀಳುವುದಿಲ್ಲ’ ಎನ್ನುವವರ ಕಥೆ ಏನು?

ಬೀಳುತ್ತದೆ, ನೆನಪಿರುವುದಿಲ್ಲ. ರೆಮ್ ನಿದ್ದೆಯಿಂದ ಎಬ್ಬಿಸಿ ಕೇಳಿದರೆ ಸುಮಾರು ಶೇ. 80ರಷ್ಟು ಸಲ ಜನ ಏನಾದರೊಂದು ಕನಸನ್ನು ಹೇಳುತ್ತಾರೆ.

ಮರೆಯುವುದಕ್ಕೆ ಕಾರಣಗಳಿವೆ. ಹೊಸ ನೆನಪನ್ನು ಗಟ್ಟಿ ಮಾಡಲು ನೆರವಾಗುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ರೆಮ್ ನಿದ್ದೆಯಲ್ಲಿ ತೀರಾ ಕಡಿಮೆ ಇರುತ್ತದೆ. ನೀರಿನ ಮೇಲೆ ಬರೆದಂತೆ ಕನಸು ಅಳಿಸಿಹೋಗುತ್ತದೆ. ಫ್ರಾನ್ಸಿನ ಲಿಯಾನ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕನಸು ಹೆಚ್ಚು ನೆನಪಿರುವವರು ರಾತ್ರಿಯಲ್ಲಿ ಒಟ್ಟು ಸುಮಾರು 30 ನಿಮಿಷ ಎಚ್ಚರವಿದ್ದರೆ, ನೆನಪಿರದವರು ಅದರ ಅರ್ಧದಷ್ಟು ಮಾತ್ರ ಎಚ್ಚರವಿದ್ದರು. ಅಂದರೆ ಆಗಾಗ ಆಗುವ ಸಣ್ಣ ಎಚ್ಚರಗಳೇ ಕನಸನ್ನು ನೆನಪಿಗೆ ದಾಟಿಸುತ್ತವೆ. ಕನಸು ನೆನಪಿಲ್ಲ ಎಂದರೆ ಏನೋ ಕೊರತೆ ಎಂದು ಭಾವಿಸಬೇಕಿಲ್ಲ. ನೀವು ಗಾಢವಾಗಿ ನಿದ್ರಿಸುವವರಿರಬಹುದು.

ಕನಸು ನೆನಪಿಟ್ಟುಕೊಳ್ಳುವುದು ಹೇಗೆ?

ಅರಿವಿನ ಕನಸಿಗೆ ಮೊದಲ ಮೆಟ್ಟಿಲು ಇದು. ಖರ್ಚಿಲ್ಲ, ನಿದ್ದೆಯೂ ಕೆಡುವುದಿಲ್ಲ.

1. ಸಾಕಷ್ಟು ನಿದ್ದೆ ಮಾಡಿ. ವಯಸ್ಕರಿಗೆ ಕನಿಷ್ಠ ಏಳು ಗಂಟೆ ಬೇಕು. ಅಭ್ಯಾಸವನ್ನು ರಜೆಯ ದಿನಗಳಲ್ಲಿ ಶುರುಮಾಡಿದರೆ ಸುಲಭ.

2. ಮಲಗುವಾಗ ‘ಬೆಳಗ್ಗೆ ಎದ್ದ ಕೂಡಲೇ ಕನಸು ನೆನಪಿಸಿಕೊಳ್ಳುತ್ತೇನೆ’ ಎಂದು ಮನಸ್ಸಿನಲ್ಲಿ ಒಂದೆರಡು ಸಲ ಹೇಳಿಕೊಳ್ಳಿ.

3. ಎಚ್ಚರವಾದಾಗ ಅಲುಗಾಡಬೇಡಿ. ಕಣ್ಣು ತೆರೆಯಬೇಡಿ. ಮುಖ್ಯವಾಗಿ ಮೊಬೈಲ್ ಮುಟ್ಟಬೇಡಿ. ಎದ್ದ ತಕ್ಷಣ ಕಾಣುವ ಮೊದಲ ನೋಟಿಫಿಕೇಶನ್ ಸಾಕು, ಕನಸು ಹಾರಿಹೋಗಲು.

4. ಮೊದಲು ಭಾವನೆಯನ್ನು ಹಿಡಿಯಿರಿ. ಭಯವೇ, ಖುಷಿಯೇ, ಅವಸರವೇ? ಆಮೇಲೆ ಕೊನೆಯ ದೃಶ್ಯ. ಅಲ್ಲಿಂದ ‘ಇದಕ್ಕೆ ಮುಂಚೆ ಏನಾಯಿತು?’ ಎಂದು ಹಿಂದಕ್ಕೆ ಹೋಗಿ.

5. ದಿಂಬಿನ ಪಕ್ಕ ಒಂದು ನೋಟ್‌ಬುಕ್, ಪೆನ್ನು ಇಡಿ. ಪೂರ್ತಿ ಕಥೆ ಬರೆಯಬೇಕಿಲ್ಲ. ‘ಹಳೇ ಮನೆ. ಹಿತ್ತಲ ಬಾವಿ. ಬಸ್ಸಿನಲ್ಲಿ ಗಣಿತದ ಮೇಷ್ಟ್ರು. ಚಪ್ಪಲಿ ಕಳೆದಿದೆ. ಗಾಬರಿ.’ ಇಷ್ಟು ಸಾಕು. ಏನೂ ನೆನಪಾಗದಿದ್ದರೆ ‘ಇಂದು ನೆನಪಿಲ್ಲ’ ಎಂದಾದರೂ ಬರೆಯಿರಿ. ಅಭ್ಯಾಸ ತಪ್ಪಬಾರದು.

6. ರಾತ್ರಿ ಮದ್ಯ ಬೇಡ. ಅದು ರೆಮ್ ನಿದ್ದೆಯನ್ನು ಮೊಟಕುಗೊಳಿಸುತ್ತದೆ.

ಒಂದೆರಡು ವಾರ ಬರೆದ ಮೇಲೆ ಪುಟ ತಿರುವಿ ನೋಡಿದರೆ ಕೆಲವು ಸಂಗತಿಗಳು ಮರುಕಳಿಸುವುದು ಕಾಣುತ್ತದೆ. ಒಬ್ಬರಿಗೆ ಪರೀಕ್ಷೆ, ಇನ್ನೊಬ್ಬರಿಗೆ ತಪ್ಪಿಹೋಗುವ ಬಸ್ಸು, ಮತ್ತೊಬ್ಬರಿಗೆ ಹುಟ್ಟೂರಿನ ಮನೆ. ಇವು ನಿಮ್ಮ ‘ಕನಸಿನ ಗುರುತುಗಳು’. ಮುಂದಿನ ಹಂತಕ್ಕೆ ಇವೇ ಬಂಡವಾಳ.

ಅರಿವಿನ ಕನಸಿಗೆ ಯಾವ ವಿಧಾನ ಕೆಲಸ ಮಾಡುತ್ತದೆ?

ಹೆಚ್ಚು ಪರೀಕ್ಷೆಗೊಳಗಾದವು ಮೂರು.

ಮೊದಲನೆಯದು, ಹಗಲಿನ ಪರೀಕ್ಷೆ. ದಿನಕ್ಕೆ ಕೆಲವು ಬಾರಿ ‘ಇದು ಕನಸಾಗಿರಬಹುದೇ?’ ಎಂದು ನಿಜವಾಗಿ ಕೇಳಿಕೊಂಡು ಪರೀಕ್ಷಿಸುವುದು. ಮೂಗು ಹಿಡಿದು ಉಸಿರಾಡಲು ನೋಡಿ. ಎಚ್ಚರದಲ್ಲಿ ಆಗುವುದಿಲ್ಲ, ಕನಸಿನಲ್ಲಿ ಎಷ್ಟೋ ಸಲ ಆಗುತ್ತದೆ. ಅಥವಾ ಗೋಡೆಯ ಮೇಲಿನ ಬರಹ ಓದಿ, ಕಣ್ಣು ತಿರುಗಿಸಿ ಮತ್ತೆ ಓದಿ. ಕನಸಿನಲ್ಲಿ ಅಕ್ಷರಗಳು ಬದಲಾಗುವುದು ಸಾಮಾನ್ಯ. ಹಗಲಿನ ಅಭ್ಯಾಸ ಕನಸಿಗೂ ಬರಲಿ ಎಂಬುದು ಇದರ ಲೆಕ್ಕ. ಇದೊಂದನ್ನೇ ಮಾಡಿದರೆ ಫಲ ಕಡಿಮೆ.

ಎರಡನೆಯದು, ಲಬರ್ಜ್ ರೂಪಿಸಿದ ‘ಮೈಲ್ಡ್’ ವಿಧಾನ. ಕನಸಿನಿಂದ ಎಚ್ಚರವಾದಾಗ ಆ ಕನಸನ್ನು ಮತ್ತೆ ಮನಸ್ಸಿಗೆ ತಂದುಕೊಳ್ಳಬೇಕು. ಅದರಲ್ಲಿನ ವಿಚಿತ್ರ ಸಂಗತಿಯ ಹತ್ತಿರ ‘ಇದು ಕನಸು’ ಎಂದು ಗುರುತಿಸಿದಂತೆ ಕಲ್ಪಿಸಿಕೊಳ್ಳಬೇಕು. ‘ಮುಂದಿನ ಸಲ ಕನಸು ಬಿದ್ದಾಗ, ಅದು ಕನಸೆಂದು ನೆನಪು ಮಾಡಿಕೊಳ್ಳುತ್ತೇನೆ’ ಎಂದು ಹೇಳಿಕೊಳ್ಳುತ್ತಾ ನಿದ್ದೆಗೆ ಜಾರಬೇಕು. ಸಂಜೆ ಬರುವಾಗ ಹಾಲು ತರಬೇಕು ಎಂದು ಬೆಳಗ್ಗೆಯೇ ನೆನಪಿಟ್ಟುಕೊಳ್ಳುತ್ತೇವಲ್ಲ, ಅದೇ ಬಗೆಯ ನೆನಪಿನ ಕೆಲಸ ಇದು.

ಮೂರನೆಯದು, ಎದ್ದು ಮತ್ತೆ ಮಲಗುವುದು. ಸುಮಾರು ಐದು ಗಂಟೆ ನಿದ್ದೆಯ ನಂತರ ಎದ್ದು, ಸ್ವಲ್ಪ ಹೊತ್ತು ಎಚ್ಚರವಿದ್ದು, ಮೈಲ್ಡ್ ಮಾಡುತ್ತಾ ಮತ್ತೆ ಮಲಗುವುದು. ಉದ್ದದ ರೆಮ್ ಹಂತಗಳು ಇನ್ನೂ ಮುಂದಿರುವುದರಿಂದ ಈ ಹೊತ್ತು ಅನುಕೂಲ. ‘ಮೂರು ಗಂಟೆಗೆ ಅಲಾರಂ’ ಎಂಬ ಸಂದೇಶ ಹುಟ್ಟಿದ್ದು ಇದರಿಂದಲೇ. ಆದರೆ ಮೂರು ಎಂಬ ಸಂಖ್ಯೆಗೆ ವಿಶೇಷ ಮಹತ್ವವಿಲ್ಲ. ಹನ್ನೊಂದಕ್ಕೆ ಮಲಗಿದವರಿಗೆ ಅದು ನಾಲ್ಕು ಗಂಟೆ, ಒಂದಕ್ಕೆ ಮಲಗಿದವರಿಗೆ ಆರು.

ಫಲ ಎಷ್ಟು? ಆಸ್ಟ್ರೇಲಿಯಾದಲ್ಲಿ ಡೆನ್‌ಹೋಮ್ ಆಸ್ಪಿ 169 ಜನರ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರೂ ವಿಧಾನಗಳನ್ನು ಒಂದು ವಾರ ಒಟ್ಟಿಗೆ ಮಾಡಿದ ಗುಂಪಿನ ಯಶಸ್ಸು ಸುಮಾರು ಶೇ. 17. ಮೈಲ್ಡ್ ಮುಗಿಸಿ ಐದು ನಿಮಿಷದೊಳಗೆ ನಿದ್ದೆ ಹತ್ತಿದವರಲ್ಲಿ ಅದು ಶೇ. 46ರವರೆಗೆ ಏರಿತು. ಪಟ್ಟುಹಿಡಿದು ಪ್ರಯತ್ನಿಸುವವರಿಗಿಂತ ಬೇಗ ಮತ್ತೆ ನಿದ್ದೆಗೆ ಜಾರುವವರಿಗೇ ಇದು ಹೆಚ್ಚು ಒಲಿಯಿತು ಎಂದಾಯಿತು. ‘ಗ್ಯಾರಂಟಿ’ ಎನ್ನುವವರಿಗೆ ಈ ಅಂಕಿ ತೋರಿಸಿ.

ಕನಸಿನಲ್ಲಿ ಅರಿವು ಮೂಡಿದರೆ ಸಂಭ್ರಮಿಸಿ ಕುಣಿಯಬೇಡಿ. ಕನಸಿನಲ್ಲೇ ಎರಡು ಕೈ ಉಜ್ಜಿಕೊಂಡು ಸುತ್ತಲಿನ ವಸ್ತುಗಳನ್ನು ಶಾಂತವಾಗಿ ಗಮನಿಸಿದರೆ ಕನಸು ಇನ್ನಷ್ಟು ಹೊತ್ತು ನಿಲ್ಲುತ್ತದೆ ಎಂದು ಅನುಭವಿಗಳು ಹೇಳುತ್ತಾರೆ.

ಮಾತ್ರೆಗಳ ಬಗ್ಗೆ ಎಚ್ಚರ

ಗ್ಯಾಲಂಟಮೈನ್ ಎಂಬ ಮಾತ್ರೆಯ ಹೆಸರು ಕೆಲವು ವಿಡಿಯೊಗಳಲ್ಲಿ ಬರುತ್ತದೆ. 2018ರಲ್ಲಿ ಲಬರ್ಜ್ ಮತ್ತು ಸಂಗಡಿಗರು 121 ಜನರ ಮೇಲೆ ನಡೆಸಿದ ಪ್ರಯೋಗದಲ್ಲಿ ಇದರಿಂದ ಅರಿವಿನ ಕನಸು ಹೆಚ್ಚಿದ್ದು ನಿಜ. ಆದರೆ ಇದು ಮರೆವಿನ ಕಾಯಿಲೆಯಾದ ಅಲ್‌ಝೈಮರ್‌ಗೆ ವೈದ್ಯರು ಬರೆದುಕೊಡುವ ಔಷಧ. ವಾಕರಿಕೆ, ವಾಂತಿ ತರಬಹುದು, ಹೃದಯ ಬಡಿತ ನಿಧಾನವಾಗಬಹುದು. ಕನಸಿನ ಆಸೆಗೆ ನುಂಗುವ ಮಾತ್ರೆ ಇದಲ್ಲ.

ವಿಟಮಿನ್ ಬಿ6 ಕನಸಿನ ನೆನಪನ್ನು ಹೆಚ್ಚಿಸುತ್ತದೆ ಎಂಬ ಮಾತೂ ಇದೆ. 2018ರ ಒಂದು ಸಣ್ಣ ಅಧ್ಯಯನ ಹಾಗೆ ಹೇಳಿದೆ. ಅಲ್ಲಿ ಐದು ದಿನ ಕೊಟ್ಟದ್ದು ದಿನಕ್ಕೆ 240 ಮಿಲಿಗ್ರಾಂ. ನಮ್ಮ ದೇಹಕ್ಕೆ ದಿನಕ್ಕೆ ಬೇಕಾಗುವುದು ಸುಮಾರು 2 ಮಿಲಿಗ್ರಾಂ ಮಾತ್ರ. ಹೆಚ್ಚಿನ ಪ್ರಮಾಣದಲ್ಲಿ ದೀರ್ಘಕಾಲ ತೆಗೆದುಕೊಂಡರೆ ನರಗಳಿಗೆ ಹಾನಿಯಾಗಿ ಕೈಕಾಲು ಜೋಮು ಹಿಡಿಯುತ್ತದೆ. ವೈದ್ಯರನ್ನು ಕೇಳದೆ ಬೇಡ.

ಹೆದರಿಸುವ ಸಂದೇಶಗಳು: ಒಂದೊಂದಾಗಿ

‘ಕನಸಿನಲ್ಲಿ ಸಿಕ್ಕಿಹಾಕಿಕೊಂಡರೆ ಕೋಮಾ’: ಸುಳ್ಳು. ರೆಮ್ ಹಂತ ತಾನಾಗಿಯೇ ಮುಗಿಯುತ್ತದೆ, ಕನಸೂ ಮುಗಿಯುತ್ತದೆ. ಕೆಲವೊಮ್ಮೆ ಎದ್ದು ಹಲ್ಲುಜ್ಜಿದಂತೆ ಕನಸು ಬಿದ್ದು, ಆಮೇಲೆ ನಿಜವಾಗಿ ಎಚ್ಚರವಾಗುವುದುಂಟು. ಗಲಿಬಿಲಿಯಾಗುತ್ತದೆ, ಅಪಾಯವಿಲ್ಲ.

‘ಕನಸಿನಲ್ಲಿ ಸತ್ತರೆ ನಿಜವಾಗಿಯೂ ಸಾವು’: ಸುಳ್ಳು. ಕನಸಿನಲ್ಲಿ ಸತ್ತವರು ಬೆಳಗ್ಗೆ ಎದ್ದು ಕಾಫಿ ಕುಡಿಯುತ್ತಾ ಆ ಕನಸನ್ನು ಮನೆಯವರಿಗೆ ಹೇಳಿದ್ದು ಬೇಕಾದಷ್ಟಿದೆ.

‘ಎದೆಯ ಮೇಲೆ ದೆವ್ವ ಕೂರುತ್ತದೆ’: ಅನುಭವ ನಿಜ, ದೆವ್ವ ನಿಜವಲ್ಲ. ಇದು ನಿದ್ರಾ ಪಾರ್ಶ್ವವಾಯು. ಮನಸ್ಸಿಗೆ ಎಚ್ಚರವಾಗಿ, ರೆಮ್ ನಿದ್ದೆಯ ಸ್ನಾಯು ತಡೆ ಇನ್ನೂ ಬಿಟ್ಟಿರುವುದಿಲ್ಲ. ಕನಸಿನ ಚೂರುಗಳು ಕೋಣೆಯಲ್ಲೇ ಇದ್ದಂತೆ ಕಾಣುತ್ತವೆ. ಕೆಲವು ಸೆಕೆಂಡುಗಳಿಂದ ಒಂದೆರಡು ನಿಮಿಷದೊಳಗೆ ತಾನಾಗಿ ಹೋಗುತ್ತದೆ. ಉಸಿರಿನ ಕಡೆ ಗಮನ ಕೊಡಿ, ಒಂದು ಬೆರಳನ್ನು ಅಲುಗಿಸಲು ನೋಡಿ. ನಿದ್ದೆಗೆಟ್ಟವರಲ್ಲಿ, ಅಂಗಾತ ಮಲಗುವವರಲ್ಲಿ ಇದು ಹೆಚ್ಚು. ನಿದ್ದೆ ಕಡಿದು ಮಾಡುವ ಅಭ್ಯಾಸಗಳಿಂದಲೂ ಹೆಚ್ಚಾಗಬಹುದು.

‘ಇದೆಲ್ಲ ನಮ್ಮ ಪೂರ್ವಜರೇ ಕಂಡುಹಿಡಿದಿದ್ದರು’: ಅರ್ಧ ನಿಜ. ಮಾಂಡೂಕ್ಯ ಉಪನಿಷತ್ತು ಜಾಗೃತ, ಸ್ವಪ್ನ, ಸುಷುಪ್ತಿ ಎಂಬ ಅವಸ್ಥೆಗಳನ್ನು ಚರ್ಚಿಸುತ್ತದೆ. ಬೈಲಕುಪ್ಪೆಯಂಥ ಕಡೆ ನಮ್ಮ ನಡುವೆ ನೆಲೆಸಿರುವ ಟಿಬೆಟನ್ನರ ಬೌದ್ಧ ಪರಂಪರೆಯಲ್ಲಿ ಕನಸಿನಲ್ಲಿ ಅರಿವು ಉಳಿಸಿಕೊಳ್ಳುವ ಸಾಧನೆಯೇ ಇದೆ. ‘ಲೂಸಿಡ್ ಡ್ರೀಮ್’ ಹೆಸರನ್ನು ಪ್ರಚಾರಕ್ಕೆ ತಂದದ್ದು ಡಚ್ ಮನೋವೈದ್ಯ ಫ್ರೆಡರಿಕ್ ವಾನ್ ಈಡನ್, 1913ರಲ್ಲಿ. ಆದರೆ ಆ ಪರಂಪರೆಗಳ ಗುರಿ ಆಧ್ಯಾತ್ಮ. ಸ್ನಾಯು, ಕಣ್ಣು, ಮೆದುಳಿನ ಅಲೆಗಳ ಲೆಕ್ಕ ಸಿಕ್ಕಿದ್ದು ಪ್ರಯೋಗಾಲಯದಲ್ಲಿ. ಎರಡನ್ನೂ ಅವುಗಳ ಜಾಗದಲ್ಲಿಟ್ಟು ಗೌರವಿಸಬಹುದು.

ಯಾರು ಪ್ರಯತ್ನಿಸಬಾರದು?

ನಿದ್ದೆ ಕಡಿದು ಮಾಡುವ ಅಭ್ಯಾಸಕ್ಕೆ ಬೆಲೆ ತೆರುವುದು ಮರುದಿನ. ತೂಕಡಿಸುತ್ತಾ ಬೈಕ್ ಓಡಿಸುವುದು, ಯಂತ್ರದ ಮುಂದೆ ನಿಲ್ಲುವುದು, ಪರೀಕ್ಷೆ ಬರೆಯುವುದು ಕನಸಿನ ಮಾತಲ್ಲ. ಆದ್ದರಿಂದ:

• ಈಗಾಗಲೇ ನಿದ್ದೆ ಬಾರದೆ ಒದ್ದಾಡುವವರು, ರಾತ್ರಿ ಪಾಳಿಯವರು, ಚಾಲಕರು ಅಲಾರಂ ಇಟ್ಟು ಏಳುವ ವಿಧಾನದಿಂದ ದೂರವಿರಿ. ಕನಸು ಬರೆಯುವ ಅಭ್ಯಾಸ ಮಾಡಬಹುದು.
• ಇಲ್ಲದ ದನಿ ಕೇಳಿಸುವುದು, ನಿಜ ಮತ್ತು ಭ್ರಮೆಯ ನಡುವೆ ಗೊಂದಲವಾಗುವುದು ಇದ್ದವರು, ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರು ವೈದ್ಯರನ್ನು ಕೇಳದೆ ಪ್ರಯತ್ನಿಸಬೇಡಿ. ‘ಇದು ಕನಸೇ?’ ಎಂದು ಮತ್ತೆ ಮತ್ತೆ ಕೇಳಿಕೊಳ್ಳುವುದೇ ಅಂಥವರಿಗೆ ತೊಂದರೆಯಾಗಬಹುದು.
• ನಿದ್ದೆಯಲ್ಲಿ ಕೂಗಿ, ಒದ್ದು, ಕನಸನ್ನು ಮೈಯಲ್ಲಿ ಆಡಿ ತೋರಿಸುವವರು, ವಿಶೇಷವಾಗಿ ಐವತ್ತು ದಾಟಿದವರು, ನರರೋಗ ತಜ್ಞರನ್ನು ಕಾಣಿ. ಪಾರ್ಕಿನ್ಸನ್ಸ್‌ನಂಥ ಕಾಯಿಲೆಗೆ ಇದು ಮುನ್ಸೂಚನೆಯಾಗಿರಬಹುದು.

ಪದೇ ಪದೇ ಒಂದೇ ಕೆಟ್ಟ ಕನಸು ಬಿದ್ದು ನಿದ್ದೆಗೇ ಹೆದರುವವರಿಗೆ ಬೇರೆ ದಾರಿ ಇದೆ. ಹಗಲಿನಲ್ಲಿ ಆ ಕನಸಿನ ಅಂತ್ಯವನ್ನು ಬದಲಿಸಿ ಬರೆದು, ಹೊಸ ಕನಸನ್ನು ದಿನವೂ ಕೆಲವು ನಿಮಿಷ ಮನಸ್ಸಿನಲ್ಲಿ ನೋಡುವುದು. ಮನೋತಜ್ಞರು ಬಳಸುವ, ಅಧ್ಯಯನಗಳ ಬೆಂಬಲವಿರುವ ಚಿಕಿತ್ಸೆ ಇದು. ಅಲಾರಂ ಬೇಡ, ನಿದ್ದೆಗೆಡಬೇಕಿಲ್ಲ. ಅಪಘಾತ, ಹಿಂಸೆ, ಸಾವಿನಂಥ ಆಘಾತದ ನಂತರ ಬಂದ ಕನಸುಗಳಾದರೆ ಒಬ್ಬರೇ ಪ್ರಯತ್ನಿಸುವ ಬದಲು ತಜ್ಞರ ನೆರವು ಪಡೆಯಿರಿ. ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಉಳಿದವರು ಕುತೂಹಲಕ್ಕೆ ಪ್ರಯತ್ನಿಸುವುದಾದರೆ ಮೊದಲ ಎರಡು ವಾರ ಕನಸು ಬರೆಯುವುದಷ್ಟೇ ಸಾಕು. ಆಮೇಲೆ ಬೆಳಗಿನ ಜಾವ ತಾನಾಗಿ ಎಚ್ಚರವಾದಾಗ ಮೈಲ್ಡ್ ಮಾಡಿ. ಅಲಾರಂ ಇಡಲೇಬೇಕೆಂದರೆ ವಾರಕ್ಕೊಮ್ಮೆ, ಮರುದಿನ ರಜೆ ಇರುವಾಗ. ಹಗಲು ಸುಸ್ತು, ಗಲಿಬಿಲಿ ಕಂಡರೆ ನಿಲ್ಲಿಸಿ.

ಇನ್ನು ‘ಮೂರು ದಿನದಲ್ಲಿ ಕನಸು ನಿಮ್ಮ ಹಿಡಿತಕ್ಕೆ’ ಎಂಬ ಸಂದೇಶ ಮತ್ತೆ ಬಂದರೆ? ಫಾರ್ವರ್ಡ್ ಮಾಡುವ ಬದಲು ಮೊಬೈಲ್ ದೂರವಿಟ್ಟು ಮಲಗಿ. ಕನಸು ಬೀಳಲಿಕ್ಕೂ, ನೆನಪಿರಲಿಕ್ಕೂ, ಅದರೊಳಗೆ ಅರಿವು ಮೂಡಲಿಕ್ಕೂ ಮೊದಲು ಬೇಕಾದದ್ದು ಕಣ್ತುಂಬ ನಿದ್ದೆ.